ಸುದ್ದಿ ಸಂಸ್ಥೆಗಳು ಆನ್‌ಲೈನ್‌ನಲ್ಲಿ ಓದುಗರ ನಿಜವಾದ ಬಳಗ ಕಟ್ಟುವುದು ಹೇಗೆ?

ಓದುಗರನ್ನು ಬರೀ ಲೈಕ್ ಒತ್ತುವವರು ಎಂದು ನೋಡಬಾರದು. ಅವರಿಗೂ ಎಷ್ಟೋ ವಿಷಯ ಗೊತ್ತಿರುತ್ತದೆ, ಅಲ್ವಾ? ನೆದರ್ಲೆಂಡ್ಸ್‌ನ 'ಡೆ ಕೊರೆಸ್ಪಾಂಡೆಂಟ್' ಎಂಬ ಆನ್‌ಲೈನ್ ಪತ್ರಿಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ. 2013ರಲ್ಲಿ ಅದು ಶುರುವಾಗುವ ಮೊದಲೇ ಸುಮಾರು 19,000 ಜನ 10 ಲಕ್ಷ ಯೂರೋಗೂ ಜಾಸ್ತಿ ಹಣ ಕೊಟ್ಟರು. ಅಲ್ಲಿ ಜಾಹೀರಾತು ಇಲ್ಲ. ಪತ್ರಕರ್ತರು ತಾವು ಏನು ಹುಡುಕುತ್ತಿದ್ದೇವೆ ಎಂದು ಮೊದಲೇ ಹೇಳಿ, ತಿಳಿದವರ ನೆರವು ಕೇಳುತ್ತಾರೆ. ಅಲ್ಲಿನ ಪತ್ರಕರ್ತರೊಬ್ಬರು ಶೆಲ್ ಎಂಬ ತೈಲ ಕಂಪನಿಯ ನೌಕರರನ್ನೇ ಬಹಿರಂಗವಾಗಿ ಮಾತಿಗೆ ಕರೆದರು. ಮುಂದೆ 2017ರಲ್ಲಿ, ಹವಾಮಾನದ ಅಪಾಯದ ಬಗ್ಗೆ ಎಚ್ಚರಿಸಿದ್ದ ಶೆಲ್‌ನದೇ 1991ರ ಸಾಕ್ಷ್ಯಚಿತ್ರವನ್ನು ಆ ಪತ್ರಿಕೆ ಮತ್ತೆ ಜನರ ಮುಂದಿಟ್ಟಿತು.

ಕೇಳಿದ ಮೇಲೆ ಓದುಗರಿಗೆ ಉತ್ತರ ಬರೆಯುವುದೂ ಪತ್ರಕರ್ತರ ಕೆಲಸವೇ. ಅದಕ್ಕೆ ಸಮಯ ಕೊಡದೆ ಸುಮ್ನೆ 'ಅಭಿಪ್ರಾಯ ತಿಳಿಸಿ' ಎಂದರೆ ಯಾರು ಎರಡನೇ ಸಲ ಬರೆಯುತ್ತಾರೆ?