ಪ್ರಾಸಿಕ್ಯೂಟರ್ ಕೇಸ್ ಕೈಬಿಟ್ಟರೆ ದೂರು ಸುಳ್ಳು ಅಂತ ಅರ್ಥವಾ?

ಗೆಳತಿ ಲೈಂಗಿಕ ದೌರ್ಜನ್ಯದ ದೂರು ಕೊಟ್ಟಿದ್ದಳು, ಪ್ರಾಸಿಕ್ಯೂಟರ್ ಕೇಸ್ ನಡೆಸಲ್ಲ ಅಂದರು, ಹಾಗಾದ್ರೆ ಅವಳ ಮಾತನ್ನು ಯಾರೂ ನಂಬಲಿಲ್ವಾ ಅಂತ ಕೇಳಿದ್ದೀರಿ. ಹಾಗಲ್ಲ. ಇದನ್ನು ಮೊದಲು ಅವಳಿಗೆ ಹೇಳಿ, ಉಳಿದದ್ದು ಆಮೇಲೆ ಓದಿ.

ದೂರು ಕೊಟ್ಟವರ ಜೊತೆ ಠಾಣೆಗೆ, ಆಸ್ಪತ್ರೆಗೆ, ಕೋರ್ಟಿಗೆ ಹೋಗುವ ಕೆಲಸವನ್ನು ನಾನು ಹಲವು ವರ್ಷ ಮಾಡಿದ್ದೇನೆ. ಪ್ರಾಸಿಕ್ಯೂಟರ್ ಒಬ್ಬರು ಮನಸ್ಸಿನಲ್ಲಿ ಪೂರ್ತಿ ನಂಬಿಯೂ ಫೈಲ್ ಮುಚ್ಚಿದ್ದನ್ನು ಕಂಡಿದ್ದೇನೆ. ಅವರ ಮುಂದಿರುವ ಮೊದಲ ಪ್ರಶ್ನೆ, ಇದನ್ನು ಕೋರ್ಟಿನಲ್ಲಿ ಸಾಬೀತು ಮಾಡೋಕೆ ಆಗುತ್ತಾ? ಇಂಗ್ಲೆಂಡಿನಲ್ಲಿ ಇದಕ್ಕೆ ಬರೆದಿಟ್ಟ ನಿಯಮವೇ ಇದೆ. ಪಕ್ಷಪಾತವಿಲ್ಲದ ಜ್ಯೂರಿ, ಅಂದರೆ ಆರೋಪಿ ತಪ್ಪಿತಸ್ಥನಾ ಅಂತ ತೀರ್ಮಾನಿಸುವ ಸಾಮಾನ್ಯ ಜನರ ತಂಡ, ಈ ಸಾಕ್ಷ್ಯ ನೋಡಿದರೆ ಆರೋಪಿ ತಪ್ಪಿತಸ್ಥ ಅನ್ನುವ ಸಾಧ್ಯತೆಯೇ ಜಾಸ್ತಿ ಇರಬೇಕು. ಅದಾದ ಮೇಲೆ ಸಾರ್ವಜನಿಕ ಹಿತ ನೋಡುತ್ತಾರೆ. ಇಷ್ಟು ಗಂಭೀರ ಅಪರಾಧದಲ್ಲಿ ಅದು ಅಡ್ಡ ಬರೋದು ಕಡಿಮೆ. ತೊಡಕೆಲ್ಲ ಮೊದಲ ಹಂತದಲ್ಲೇ.

ಯಾಕೆಂದರೆ ಹೆಚ್ಚಿನ ಕೇಸುಗಳಲ್ಲಿ ಇಬ್ಬರೂ ಪರಿಚಯದವರು. ಡಿಎನ್‌ಎ ಸಿಕ್ಕರೂ ಆರೋಪಿ ‘ಹೌದು, ನಡೆಯಿತು, ಅವಳ ಒಪ್ಪಿಗೆ ಇತ್ತು’ ಅಂದುಬಿಡುತ್ತಾನೆ. ಮೈಮೇಲೆ ಗಾಯ ಇಲ್ಲದಿರುವುದು ತೀರಾ ಸಾಮಾನ್ಯ. ಭಯಕ್ಕೆ ಮೈ ಮರಗಟ್ಟಿ ಹೋದವರು ಒದ್ದಾಡುವುದಾದರೂ ಹೇಗೆ?

ಆಗ ಸಣ್ಣಪುಟ್ಟ ಸಂಗತಿಗಳೇ ಕೇಸನ್ನು ಹಿಡಿದು ನಿಲ್ಲಿಸುತ್ತವೆ. ಒಂದು ಕೇಸಿನಲ್ಲಿ ಹುಡುಗಿ ರಾತ್ರಿ 2 ಗಂಟೆ 10 ನಿಮಿಷಕ್ಕೆ ‘ಅಕ್ಕಾ, ಎದ್ದಿದ್ದೀಯಾ’ ಅಂತ ಮೆಸೇಜ್ ಕಳಿಸಿದ್ದಳು. ಅಷ್ಟೇ. ಆಮೇಲೆ ಸಾಲಾಗಿ 7 ಮಿಸ್ಡ್ ಕಾಲ್. ಒಂದೇ ಚಪ್ಪಲಿ ಹಾಕಿಕೊಂಡು ಹತ್ತಿದಳು, ದಾರಿಯುದ್ದಕ್ಕೂ ಅಳುತ್ತಿದ್ದಳು ಅಂತ ಟ್ಯಾಕ್ಸಿ ಡ್ರೈವರ್ ಹೇಳಿಕೆ ಕೊಟ್ಟ. ಗಾಯದ ಗುರುತೇ ಇಲ್ಲದ ಆ ಕೇಸ್ ಕೋರ್ಟ್ ಮೆಟ್ಟಿಲು ಹತ್ತಿದ್ದು ಇವುಗಳಿಂದಲೇ.

ಸ್ಕಾಟ್ಲೆಂಡಿನಲ್ಲಿ ಒಬ್ಬರ ಮಾತೊಂದೇ ಸಾಲದು, ಅದಕ್ಕೆ ಬೆಂಬಲವಾಗಿ ಬೇರೆ ಸಾಕ್ಷ್ಯ ಬೇಕೇ ಬೇಕು. ಘಟನೆಯ ಬೆನ್ನಿಗೇ ಆಕೆ ಕಂಗೆಟ್ಟಿದ್ದನ್ನು ಬೇರೆಯವರು ಕಂಡಿದ್ದರೆ ಅದೂ ಅಂಥ ಬೆಂಬಲ ಆಗಬಹುದು ಅಂತ ಅಲ್ಲಿನ ಹೈಕೋರ್ಟ್ 2023ರಲ್ಲಿ ಹೇಳಿತು. ಟ್ಯಾಕ್ಸಿ ಡ್ರೈವರ್ ಮಾತಿನ ತೂಕ ಈಗ ಗೊತ್ತಾಯ್ತಲ್ವಾ?

ನನಗೆ ಸಿಟ್ಟು ಬರುವುದು ಇನ್ನೊಂದು ಕಾರಣಕ್ಕೆ. ಮರುದಿನ ಅವನಿಗೆ ‘ಗುಡ್ ಮಾರ್ನಿಂಗ್’ ಕಳಿಸಿದ್ದಾಳೆ, ದೂರು ಕೊಡೋಕೆ 3 ತಿಂಗಳು ತಡ ಮಾಡಿದ್ದಾಳೆ, ಇಂಥದ್ದನ್ನೇ ಹಿಡಿದು ಹಿಂಜರಿಯುವ ಪ್ರಾಸಿಕ್ಯೂಟರ್‌ಗಳಿದ್ದಾರೆ. ಏನೂ ಆಗಲೇ ಇಲ್ಲ ಅನ್ನುವ ಹಾಗೆ ಒಂದಷ್ಟು ದಿನ ತಳ್ಳಿದವರ ಪಕ್ಕದಲ್ಲಿ ನಾನು ಕೂತಿದ್ದೇನೆ. ಅದು ಸುಳ್ಳಿನ ಗುರುತಲ್ಲ. ಒಳ್ಳೆಯ ಪ್ರಾಸಿಕ್ಯೂಟರ್ ‘ಯಾಕೆ ಹಾಗೆ ಮಾಡಿದಿರಿ’ ಅಂತ ಆಕೆಯನ್ನೇ ಸಮಾಧಾನವಾಗಿ ಕೇಳಿ, ಉತ್ತರ ಬರೆದುಕೊಳ್ಳುತ್ತಾರೆ.

ಈಗ ಏನು ಮಾಡಬಹುದು? ಕೈಬಿಟ್ಟ ಕಾರಣವನ್ನು ಬರಹದಲ್ಲಿ ಕೇಳಿ. ಇಂಗ್ಲೆಂಡಿನಲ್ಲಿ 2013ರಿಂದ ಇಂಥ ತೀರ್ಮಾನವನ್ನು ಮತ್ತೆ ಪರಿಶೀಲಿಸಿ ಅಂತ ಕೇಳುವ ಹಕ್ಕಿದೆ. ನಿಮ್ಮಲ್ಲೂ ಅಂಥ ದಾರಿ ಇದೆಯಾ ಅಂತ ವಕೀಲರನ್ನು ವಿಚಾರಿಸಿ, ಗಡುವು ತಪ್ಪದಿರಲಿ. ಹೊಸ ಸಾಕ್ಷ್ಯ ಸಿಕ್ಕರೆ ಮುಚ್ಚಿದ ಫೈಲ್ ತೆರೆಯಬಹುದು. ಬೇಜಾರಿನಲ್ಲಿ ಅವಳು ಹಳೇ ಮೆಸೇಜ್ ಅಳಿಸಿಬಿಡುವ ಮೊದಲು, ಇವತ್ತೇ ಫೋನ್ ಮಾಡಿ ಹೇಳಿ.