ವಾರ್ಡ್ ನರ್ಸ್ ಆಗಿದ್ದವರು ಹಲವು ದೇಶಗಳ ತರಬೇತಿ ಯೋಜನೆ ನಡೆಸಲು ಎಲ್ಲಿಂದ ಶುರು ಮಾಡಬೇಕು?

ಹನ್ನೊಂದು ವರ್ಷ ವಾರ್ಡ್‌ನಲ್ಲಿ ದುಡಿದಿದ್ದೀರಿ. ಈಗ ಐದು ದೇಶಗಳಲ್ಲಿ ನಡೆಯುವ ನರ್ಸಿಂಗ್ ತರಬೇತಿ ಯೋಜನೆಯನ್ನು ವಹಿಸಿಕೊಳ್ಳಿ ಎಂದು ಕರೆ ಬಂದಿದೆ. ಮೊದಲು ಇನ್ನೊಂದು ಡಿಗ್ರಿ ಮಾಡಬೇಕಾ, ಸೇರಿದರೆ ಯಾವುದಕ್ಕೆ ಮೊದಲು ಕೈ ಹಾಕಬೇಕು ಅಂತ ಕೇಳಿದ್ದೀರಿ. ನಾನೂ ಇದೇ ದಾರಿಯಲ್ಲಿ ಬಂದವಳು. ಹದಿನಾಲ್ಕು ವರ್ಷ ಡ್ಯೂಟಿ, ಆಮೇಲೆ ಒಂಬತ್ತು ವರ್ಷ ತರಬೇತಿ ಕೆಲಸ. ಎಡವಿದ್ದೇ ಜಾಸ್ತಿ, ಹಾಗಾಗಿ ಅದನ್ನೇ ಹೇಳುತ್ತೇನೆ.

ಡಿಗ್ರಿ ವಿಷಯ ಬೇಗ ಮುಗಿಸೋಣ. ಸೇರಿಬಿಡಿ, ಡಿಗ್ರಿ ಆಮೇಲೂ ಮಾಡಬಹುದು. ಬಜೆಟ್ಟು, ವರದಿ ಬರೆಯುವುದು ಎಲ್ಲ ಕೆಲಸ ಮಾಡುತ್ತಾ ಬರುತ್ತದೆ. ಒಂದು ಸಂಶೋಧನಾ ಲೇಖನ ಓದಿ ಅದರಲ್ಲಿ ಕಾಳೆಷ್ಟು ಜೊಳ್ಳೆಷ್ಟು ಎಂದು ಹೇಳುವಷ್ಟು ಅಂಕಿಅಂಶದ ತಿಳಿವಳಿಕೆ ಮಾತ್ರ ಬೇಗ ಸಂಪಾದಿಸಿ. ಇಲ್ಲದಿದ್ದರೆ ಮೀಟಿಂಗ್‌ನಲ್ಲಿ ಯಾರೋ ಒಂದು ಗ್ರಾಫ್ ತೋರಿಸಿ ನಿಮ್ಮ ಬಾಯಿ ಮುಚ್ಚಿಸುತ್ತಾರೆ.

ಇನ್ನು ನಿಜವಾದ ವಿಷಯ. ನಾನು ವಹಿಸಿಕೊಂಡ ಮೊದಲ ಯೋಜನೆ, ಉಸಿರಾಡದೆ ಹುಟ್ಟಿದ ಮಗುವಿಗೆ ಉಸಿರು ಕೊಡುವುದನ್ನು ಕಲಿಸುವುದು. ಒರೆಸಿ, ಬೆನ್ನು ತಿಕ್ಕಿದರೂ ಮಗು ಉಸಿರೆಳೆಯದಿದ್ದರೆ ಹುಟ್ಟಿದ ಒಂದು ನಿಮಿಷದೊಳಗೆ ಕೈಯಲ್ಲಿ ಒತ್ತುವ ಬ್ಯಾಗ್ ಮತ್ತು ಮಾಸ್ಕ್‌ನಿಂದ ಗಾಳಿ ಕೊಡಲು ಶುರು ಮಾಡಬೇಕು. ಅದನ್ನು ಬಂಗಾರದ ನಿಮಿಷ ಅನ್ನುತ್ತಾರೆ. 2010ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮತ್ತು ಅದರ ಜೊತೆಗಾರ ಸಂಸ್ಥೆಗಳು 'ಹೆಲ್ಪಿಂಗ್ ಬೇಬೀಸ್ ಬ್ರೀದ್' ಶುರು ಮಾಡಿದ ಮೇಲೆ ಈ ಪಾಠ ಬಹಳ ದೇಶಗಳಿಗೆ ಹರಡಿತು.

ನನ್ನದು ಎರಡು ದಿನದ ತರಬೇತಿ. ಬೊಂಬೆ, ಬ್ಯಾಗ್, ಮಾಸ್ಕ್ ಎಲ್ಲಾ ಇತ್ತು. ಕೊನೆಗೆ ಪರೀಕ್ಷೆ, ಎಲ್ಲರೂ ಪಾಸ್. ಸರ್ಟಿಫಿಕೇಟ್ ಹಿಡಿದು ಗ್ರೂಪ್ ಫೋಟೋ. ಗೆದ್ದೆ ಅಂದುಕೊಂಡು ಊರಿಗೆ ಬಂದೆ.

ನಾಲ್ಕು ತಿಂಗಳ ಮೇಲೆ ಅದೇ ಆಸ್ಪತ್ರೆಗೆ ರಾತ್ರಿ ಹೋದೆ. ಲೇಬರ್ ರೂಮ್‌ನಲ್ಲಿದ್ದ ಸಿಸ್ಟರ್‌ಗೆ "ಒಂದ್ಸಲ ಮಾಡಿ ತೋರಿಸ್ತೀರಾ?" ಅಂದೆ. ಬೊಂಬೆ ಎಲ್ಲಿ? ಬೀರುವಿನಲ್ಲಿ. ಬೀರುವಿನ ಕೀಲಿ? ಇನ್‌ಚಾರ್ಜ್ ಹತ್ತಿರ. ಇನ್‌ಚಾರ್ಜ್ ಎಲ್ಲಿ? ಸಂಜೆಯೇ ಮನೆಗೆ ಹೋದರು. "ಹಾಳಾದ್ರೆ ನಮ್ಮ ತಲೆಗೆ ಬರುತ್ತೆ ಮೇಡಂ, ಅದಕ್ಕೇ ತೆಗೆಯೋದೇ ಇಲ್ಲ" ಅಂದರು.

ನನ್ನ ಚೀಲದಲ್ಲಿದ್ದ ಬೊಂಬೆ ಕೊಟ್ಟೆ. ಅವರು ಮಾಸ್ಕ್ ಇಟ್ಟು ಬ್ಯಾಗ್ ಒತ್ತಿದರು. ಎದೆ ಏಳಲಿಲ್ಲ. ಇನ್ನೂ ಜೋರಾಗಿ ಒತ್ತಿದರು. ಕೆನ್ನೆಯ ಪಕ್ಕದಿಂದ ಪುಸ್ ಪುಸ್ ಅಂತ ಗಾಳಿ ಸೋರುತ್ತಿತ್ತು. ಬೊಂಬೆಯ ಗದ್ದ ಎದೆಗೆ ಬಾಗಿತ್ತು. ತಲೆಯನ್ನು ಒಂಚೂರು ಹಿಂದಕ್ಕೆ ಸರಿಸಿದೆವು. ಮಾಸ್ಕನ್ನು ಗದ್ದದ ತುದಿಯಿಂದ ಮೂಗಿನ ಕಡೆಗೆ ಉರುಳಿಸಿ ಕೂರಿಸಿದೆವು. ಎರಡು ಬೆರಳು ಮಾಸ್ಕ್ ಮೇಲೆ, ಉಳಿದವು ದವಡೆಯ ಕೆಳಗೆ. ಮೂರನೇ ಸಲಕ್ಕೆ ಎದೆ ಎದ್ದಿತು. ಅವರು ನನ್ನ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದವರು.

ತಪ್ಪು ಅವರದ್ದಲ್ಲ. ಮಾಡದಿದ್ದರೆ ಕೈ ಮರೆಯುತ್ತದೆ, ಅಷ್ಟೆ. ಎದೆ ಒತ್ತುವುದು, ಗಾಳಿ ಕೊಡುವುದು ಇಂಥ ಕೈಕೆಲಸಗಳು ತರಬೇತಿಯಾದ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತವೆ ಎಂಬುದು ಈ ಕ್ಷೇತ್ರದಲ್ಲಿ ಹಳೆಯ ಸಂಗತಿ. ನನಗೂ ಗೊತ್ತಿತ್ತು, ಸ್ಲೈಡ್‌ನಲ್ಲೂ ಇತ್ತು! ಆದರೂ ಎರಡು ದಿನ ಒಟ್ಟಿಗೆ ತುಂಬಿಸಿ ಬಂದಿದ್ದೆ. ಯಾಕೆಂದರೆ ಹಣ ಕೊಡುವವರಿಗೆ ಲೆಕ್ಕ ಕೊಡಲು ಅದೇ ಸುಲಭ. ಇಷ್ಟು ಜನ, ಇಷ್ಟು ದಿನ, ಇಷ್ಟು ಸಹಿ.

ಆಮೇಲೆ ಬದಲಾಯಿಸಿದ್ದು ದೊಡ್ಡದೇನಲ್ಲ. ಬೊಂಬೆ ಬೀರುವಿನಿಂದ ಲೇಬರ್ ರೂಮ್‌ನ ಮೂಲೆಯ ಮೇಜಿಗೆ ಬಂತು. ಪಾಳಿ ಬದಲಾಗುವಾಗ ಇಬ್ಬರು ಮೂರೇ ಮೂರು ನಿಮಿಷ ಅಭ್ಯಾಸ ಮಾಡುವುದು, ಮಾಡಿದವರು ಗೋಡೆಯ ಹಾಳೆಯಲ್ಲಿ ಗುರುತು ಹಾಕುವುದು. ಜೊತೆಗೆ ಒಂದು ಪತ್ರ: ಬೊಂಬೆ ಹಾಳಾದರೆ ಯೋಜನೆಯೇ ಹೊಸದು ಕೊಡುತ್ತದೆ, ಯಾರನ್ನೂ ಕೇಳುವುದಿಲ್ಲ. ನನ್ನ ಅಷ್ಟೂ ಸ್ಲೈಡ್‌ಗಳಿಗಿಂತ ಆ ಪತ್ರ ಹೆಚ್ಚು ಕೆಲಸ ಮಾಡಿತು.

ಎರಡನೇ ಪೆಟ್ಟು ಬೇರೆ ಕಡೆ ತಿಂದೆ. ಒಂದು ವಾರ್ಡ್‌ನ ಚಾರ್ಟ್‌ಗಳನ್ನು ತಿರುವುತ್ತಿದ್ದೆ. ನಿಮಿಷಕ್ಕೆಷ್ಟು ಉಸಿರು ಎಂದು ಬರೆಯುವ ಕಾಲಂನಲ್ಲಿ 20, 20, 20. ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದವರಿಗೂ 20, ಏದುಸಿರು ಬಿಡುತ್ತಿದ್ದವರಿಗೂ 20. ನೀವೂ ನೋಡಿರುತ್ತೀರಿ, ಅಲ್ವಾ? ರೋಗಿ ಹದಗೆಡುವ ಸುಳಿವು ಎಷ್ಟೋ ಸಲ ಮೊದಲು ಸಿಗುವುದು ಉಸಿರಿನಲ್ಲೇ. ಯೋಜನೆಯವರು ಕೂಡಲೇ "ಜ್ಞಾನದ ಕೊರತೆ, ಒಂದು ದಿನದ ತರಬೇತಿ ಇಡಿ" ಅಂದರು.

ನಾನು ಈ ಸಲ ಸುಮ್ನೆ ಒಂದು ಪಾಳಿ ಪೂರ್ತಿ ಅಲ್ಲೇ ಕೂತೆ. 34 ರೋಗಿಗಳಿಗೆ ಇಬ್ಬರು ನರ್ಸ್. ಒಬ್ಬೊಬ್ಬರದ್ದೂ ಪೂರ್ತಿ ಒಂದು ನಿಮಿಷ ಎಣಿಸಿದರೆ ಬರೀ ಉಸಿರಿಗೇ 34 ನಿಮಿಷ, ಅದೂ ನಾಲ್ಕು ಗಂಟೆಗೊಮ್ಮೆ. ಸೋಂಕು ತಡೆಯ ನಿಯಮದಂತೆ ಕೈಗಡಿಯಾರ ಕಟ್ಟುವಂತಿಲ್ಲ. ಫೋನ್ ಲಾಕರ್‌ನಲ್ಲಿ. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ಒಂದೇ ಜಾಗದಲ್ಲಿ ನಡುಗುತ್ತಿತ್ತು. ಇಷ್ಟರ ಮೇಲೆ, 28 ಅಂತ ಬರೆದರೆ ಡಾಕ್ಟರ್‌ನ ಎಬ್ಬಿಸಬೇಕು, ಎಬ್ಬಿಸಿದರೆ "ಇಷ್ಟಕ್ಕೇನಾ?" ಅಂತ ಬೈಸಿಕೊಳ್ಳಬೇಕು. ಇದರಲ್ಲಿ ಜ್ಞಾನದ ಕೊರತೆ ಎಲ್ಲಿದೆ ಹೇಳಿ.

ಹೊಸ ಗಡಿಯಾರ ಹಾಕಿಸಿದೆವು. ತೀರಾ ಹುಷಾರಿಲ್ಲದವರ ಉಸಿರನ್ನು ಮಾತ್ರ ಕಡ್ಡಾಯವಾಗಿ ಪೂರ್ತಿ ನಿಮಿಷ ಎಣಿಸುವುದು ಎಂದು ವಾರ್ಡ್‌ನವರೇ ತೀರ್ಮಾನಿಸಿದರು. ಇಂಥ ಸಂಖ್ಯೆ ದಾಟಿದರೆ ನರ್ಸ್ ಕರೆಯಬಹುದು, ಡಾಕ್ಟರ್ ಬರಲೇಬೇಕು ಎಂದು ಮೆಡಿಕಲ್ ಸೂಪರಿಂಟೆಂಡೆಂಟ್ ಸಹಿ ಹಾಕಿದರು. ಆ ಸಹಿಗೆ ಮಾತ್ರ ಆರು ವಾರ ಹಿಡಿಯಿತು. ಪಾಠ ಇಪ್ಪತ್ತು ನಿಮಿಷ. ಅದಕ್ಕೇ ಹೇಳುವುದು, ಯಾರಾದರೂ "ತರಬೇತಿ ಬೇಕು" ಅಂದಾಗ ಮೊದಲು ವಿಚಾರಿಸಿ: ಅವರಿಗೆ ಗೊತ್ತಿಲ್ಲವಾ, ಸಮಯ ಇಲ್ಲವಾ, ಸಾಮಾನಿಲ್ಲವಾ, ಇಲ್ಲಾ ಮಾಡಲು ಬಿಡುವವರಿಲ್ಲವಾ? ನನ್ನ ಅನುಭವದಲ್ಲಿ ಮೊದಲನೆಯದು ಕಾರಣವಾಗಿದ್ದು ಅಪರೂಪ.

ದೊಡ್ಡವರ ಜೊತೆ ವಾದ ಮಾಡಬೇಕಾದಾಗ ಒಂದು ಅಧ್ಯಯನ ಜೇಬಿನಲ್ಲಿಟ್ಟುಕೊಳ್ಳಿ. ಅಮೆರಿಕದ ನರ್ಸಿಂಗ್ ಸಂಶೋಧಕಿ ಲಿಂಡಾ ಏಕೆನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ್ದು. ಯುರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದ 4 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿದರು. ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ದಾಖಲಾದ 30 ದಿನದೊಳಗೆ ಸಾಯುವ ಸಾಧ್ಯತೆ 7% ಹೆಚ್ಚು. ಪದವಿ ಓದಿದ ನರ್ಸ್‌ಗಳ ಪ್ರಮಾಣ 10% ಹೆಚ್ಚಿದ್ದರೆ ಅದೇ ಸಾಧ್ಯತೆ 7% ಕಡಿಮೆ. ಇದು ದಾಖಲೆಗಳಲ್ಲಿ ಕಂಡ ನಂಟು, ಪ್ರಯೋಗ ಅಲ್ಲ. ಅದನ್ನೂ ನೀವೇ ಮೊದಲು ಹೇಳಿಬಿಡಿ, ಆಗ ಮಾತಿಗೆ ತೂಕ ಬರುತ್ತದೆ. ನರ್ಸ್‌ಗಳ ಸಂಖ್ಯೆ ಮತ್ತು ಓದು ಎರಡೂ ಒಂದೇ ಲೆಕ್ಕದಲ್ಲಿ ಬಂದಿವೆ ಎಂಬುದು ನನಗೆ ಮುಖ್ಯ. ಒಂದನ್ನು ಕೊಟ್ಟು ಇನ್ನೊಂದನ್ನು ತಪ್ಪಿಸಿಕೊಳ್ಳುವವರೇ ಹೆಚ್ಚು.

ಸಂಖ್ಯೆ ಅಂದೆನಲ್ಲ, ಐದು ದೇಶ ಅಂದ ಮೇಲೆ ವಲಸೆಯ ಪ್ರಶ್ನೆ ಬಂದೇ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ 2.98 ಕೋಟಿ ನರ್ಸ್‌ಗಳಿದ್ದರು. ಕೊರತೆ 58 ಲಕ್ಷ. ಆ ನರ್ಸ್‌ಗಳಲ್ಲಿ 78% ಇರುವುದು ಜಗತ್ತಿನ 49% ಜನ ಬದುಕುವ ದೇಶಗಳಲ್ಲಿ. ಏಳು ನರ್ಸ್‌ಗಳಲ್ಲಿ ಒಬ್ಬರು ಹುಟ್ಟಿದ ದೇಶ ಬಿಟ್ಟು ಬೇರೆ ಕಡೆ ದುಡಿಯುತ್ತಿದ್ದಾರೆ. ಬಡ ದೇಶಗಳಿಂದ ಅಳತೆ ಮೀರಿ ಸೆಳೆಯಬೇಡಿ ಎಂದು 2010ರಲ್ಲೇ ವಿಶ್ವ ಆರೋಗ್ಯ ಸಭೆ ನೀತಿಸಂಹಿತೆ ಒಪ್ಪಿತು, ಆದರೆ ಅದು ಯಾರನ್ನೂ ಕಟ್ಟಿಹಾಕುವ ಕಾನೂನಲ್ಲ.

ನೀವು ಕಲಿಸಿದವರೂ ಹೋಗುತ್ತಾರೆ. ನಾನು ಬೆಳೆಸಿದ ಒಬ್ಬ ಹುಡುಗಿ, ಆ ಲೇಬರ್ ರೂಮ್‌ನ ಜೀವವಾಗಿದ್ದವಳು, ಮೂರನೇ ವರ್ಷ ಹೊರಟಳು. ಬೇಜಾರಾಯಿತು, ತಡೆಯಲಿಲ್ಲ. ತಡೆಯುವ ಹಕ್ಕು ನಮಗೆ ಎಲ್ಲಿಂದ ಬಂತು? ಆದರೆ ಅವಳೊಬ್ಬಳ ತಲೆಯಲ್ಲಿ ಎಲ್ಲವನ್ನೂ ಇಟ್ಟಿದ್ದು ನನ್ನ ತಪ್ಪು. ಈಗ ಯಾವ ವಾರ್ಡ್‌ನಲ್ಲೂ ಒಬ್ಬರೇ ತರಬೇತುದಾರರನ್ನು ಇಡುವುದಿಲ್ಲ. ಇಬ್ಬರು, ಅದೂ ಬೇರೆ ಬೇರೆ ಪಾಳಿಯವರು.

ದೂರದಿಂದ ಕಲಿಸುವುದಾದರೆ ಪ್ರಾಜೆಕ್ಟ್ ಎಕೋ ಬಗ್ಗೆ ಓದಿ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ ಶುರು ಮಾಡಿದ್ದು. ಹೆಪಟೈಟಿಸ್ ಸಿ ಎಂಬ ಲಿವರ್ ಸೋಂಕಿನ ರೋಗಿಗಳು ದೊಡ್ಡ ಆಸ್ಪತ್ರೆಗೆ ಅಲೆಯುವ ಬದಲು, ಸಣ್ಣ ಕ್ಲಿನಿಕ್‌ನವರು ತಮ್ಮ ರೋಗಿಯ ಕಥೆಯನ್ನು ವಿಡಿಯೋ ಕರೆಯಲ್ಲಿ ತಜ್ಞರ ಮುಂದಿಡುತ್ತಾರೆ. ಸಣ್ಣ ಕ್ಲಿನಿಕ್‌ಗಳ ಚಿಕಿತ್ಸೆಯ ಫಲ ವಿಶ್ವವಿದ್ಯಾಲಯದ ಕ್ಲಿನಿಕ್‌ಗೆ ಸಮನಾಗಿತ್ತು ಎಂದು 2011ರ ಅಧ್ಯಯನ ತೋರಿಸಿತು. ನನಗೆ ಹಿಡಿಸಿದ್ದು ಪಾಠಕ್ಕಿಂತ ಮುಂಚೆ ರೋಗಿ ಬರುವುದು. ನಾವು ನರ್ಸ್‌ಗಳು ಹಾಗೇ ಕಲಿತವರಲ್ಲವೇ?

ನಿಮ್ಮ ಸ್ವಂತ ಕಲಿಕೆ ಬಗ್ಗೆ ಒಂದು ಮಾತು. ಬ್ರಿಟನ್‌ನಲ್ಲಿ ನರ್ಸ್‌ಗಳು ಮೂರು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಲು 450 ಗಂಟೆ ಕೆಲಸ, 35 ಗಂಟೆ ಕಲಿಕೆ ತೋರಿಸಬೇಕು. ಜೊತೆಗೆ ತಮ್ಮ ಕೆಲಸದ ಬಗ್ಗೆ ತಾವೇ ಯೋಚಿಸಿ ಬರೆದ 5 ಟಿಪ್ಪಣಿ. ಗಂಟೆ ತುಂಬಿಸುವುದು ಯಾರಿಗೂ ಕಷ್ಟವಲ್ಲ, ನನ್ನ ಫೈಲಿನಲ್ಲೂ ನೆನಪೇ ಇಲ್ಲದ ಸರ್ಟಿಫಿಕೇಟ್‌ಗಳಿವೆ. ಆ ಐದು ಟಿಪ್ಪಣಿ ನನಗೆ ಇಷ್ಟ. ನಿಯಮ ಇಲ್ಲದಿದ್ದರೂ ಬರೆಯಿರಿ. ನನ್ನ ಮೊದಲ ಟಿಪ್ಪಣಿ ಆ ಬೀರುವಿನ ಕೀಲಿಯ ಬಗ್ಗೆ. ತಿಂಗಳಿಗೊಂದು ಪಾಳಿಯಾದರೂ ರೋಗಿಗಳ ಹತ್ತಿರ ಇರಿ, ಸಾಧ್ಯವಾದರೆ ರಾತ್ರಿಯದ್ದು.

ಮತ್ತೆ, ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಬಜೆಟ್ ಹಾಳೆ ಕೇಳಿ. ಹಾಲ್, ಊಟ, ಪ್ರಯಾಣಕ್ಕೆ ಹಣ ಇದ್ದೇ ಇರುತ್ತದೆ. ತರಬೇತಿಯಾದ ಮೂರನೇ ತಿಂಗಳು, ಆರನೇ ತಿಂಗಳು ವಾರ್ಡ್‌ಗೆ ಹೋಗಿ ನೋಡಲು, ನರ್ಸ್ ಕಲಿಯುವ ಹೊತ್ತಿನಲ್ಲಿ ಅವರ ರೋಗಿಗಳನ್ನು ನೋಡಿಕೊಳ್ಳುವ ಬದಲಿ ನರ್ಸ್‌ಗೆ ಹಣ ಇಟ್ಟಿದ್ದಾರಾ ನೋಡಿ. ಇಟ್ಟಿಲ್ಲದಿದ್ದರೆ ಆಗಲೇ ಬರೆಸಿಕೊಳ್ಳಿ. ಸೇರಿದ ಮೇಲೆ ಕೇಳಿದ್ದಕ್ಕೆ ನನಗೆ ಸಿಕ್ಕಿದ ಉತ್ತರ "ಮುಂದಿನ ಹಂತದಲ್ಲಿ ನೋಡೋಣ".