ಯುದ್ಧವಿಮಾನದ ಪೈಲಟ್‌ಗಳ ಕಣ್ಣೂ ಮೋಸಹೋಗುತ್ತದೆಯೇ?

ಹೋಗುತ್ತದೆ. ಅದು ಅವರ ದಡ್ಡತನವಲ್ಲ. ಆಕಾಶದಲ್ಲಿ ದೂರ ಅಳೆಯಲು ಪಕ್ಕದಲ್ಲಿ ಮರ, ಮನೆ ಏನೂ ಇರುವುದಿಲ್ಲ ಅಲ್ವಾ?

'ಗೋಫಾಸ್ಟ್' ಎಂದೇ ಹೆಸರಾದ ವಿಡಿಯೊ ನೋಡಿ. 2015ರಲ್ಲಿ ಅಮೆರಿಕದ ನೌಕಾಪಡೆಯ ಯುದ್ಧವಿಮಾನದಿಂದ ತೆಗೆದದ್ದು. ಸಮುದ್ರಕ್ಕೆ ತಾಗಿದಂತೆ ಏನೋ ಒಂದು ಭಾರಿ ವೇಗದಲ್ಲಿ ಓಡುತ್ತಿರುತ್ತದೆ. ಪೈಲಟ್‌ಗಳ ಅಚ್ಚರಿಯ ದನಿಯೂ ಕೇಳಿಸುತ್ತದೆ.

ನನಗೆ ತುಂಬಾ ಇಷ್ಟವಾದ ಸಂಗತಿ ಅಂದ್ರೆ, ಉತ್ತರ ಆ ಪರದೆಯ ಮೇಲೆಯೇ ಇತ್ತು. ವಿಮಾನದ ಎತ್ತರ, ಕ್ಯಾಮೆರಾದ ಕೋನ, ವಸ್ತುವಿನ ದೂರ ಎಲ್ಲವೂ ಅಂಕಿಗಳಲ್ಲಿ ಕಾಣುತ್ತವೆ. ನಾಸಾ ನೇಮಿಸಿದ ತಜ್ಞರ ತಂಡ 2023ರಲ್ಲಿ ಲೆಕ್ಕ ಹಾಕಿ ತೋರಿಸಿತು. ವಿಮಾನ 25,000 ಅಡಿ ಎತ್ತರದಲ್ಲಿತ್ತು, ವಸ್ತು ಸುಮಾರು 13,000 ಅಡಿಯಲ್ಲಿ. ಅದರ ವೇಗ ಗಂಟೆಗೆ ಸುಮಾರು 64 ಕಿ.ಮೀ. ಮಾತ್ರ, ಗಾಳಿಗೆ ಸುಮ್ನೆ ತೇಲುವಷ್ಟು. ನಿಜವಾಗಿ ಓಡುತ್ತಿದ್ದದ್ದು ವಿಮಾನ. ರೈಲಿನ ಕಿಟಕಿಯಿಂದ ನೋಡಿದರೆ, ದೂರದ ಗುಡ್ಡದ ಮುಂದೆ ಹತ್ತಿರದ ಕಂಬ ಹಿಂದಕ್ಕೆ ಓಡುತ್ತದಲ್ಲ, ಹಾಗೆ.

ನಮ್ಮ ಲಡಾಖ್‌ನಲ್ಲೂ ಹೀಗಾಗಿದೆ. ಸೈನಿಕರು ತಿಂಗಳುಗಟ್ಟಲೆ ಚೀನಾದ ಡ್ರೋನ್ ಎಂದುಕೊಂಡಿದ್ದ ಬೆಳಕುಗಳು ಗುರು ಮತ್ತು ಶುಕ್ರ ಗ್ರಹಗಳು. 2013ರಲ್ಲಿ ಅದನ್ನು ಗುರುತಿಸಿದವರು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ವಿಜ್ಞಾನಿಗಳು.